ಬೀಟೆ ಧೂಳು, ಒಂದು ಶೆಡ್ಡು, ಒಂದು ಪ್ಯಾನಲ್: ಮೈಸೂರಿನ ಮನೆ ವರ್ಕ್‌ಶಾಪಿನ ಪ್ರಕರಣ

ಈ ಮನೆ ಮೈಸೂರಿನ ಹಳೆಯ ಬಡಾವಣೆಯೊಂದರಲ್ಲಿದೆ. ಮನೆಯವರನ್ನು ಕೇಳಿ, ಅವರು ಒಪ್ಪಿದ ಮೇಲೆಯೇ ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನು ಕೆಲವು ಕಡೆ ಬದಲಿಸಿದ್ದೇನೆ, ಕೆಲವು ಕಡೆ ಬಿಟ್ಟಿದ್ದೇನೆ. ಮನೆಯ ಹಿರಿಯರನ್ನು ಯಜಮಾನರು ಎನ್ನುತ್ತೇನೆ, ಅವರ ಹೆಂಡತಿಯನ್ನು ಅಮ್ಮ ಎನ್ನುತ್ತೇನೆ. ನಾನು ಪ್ಯಾನಲ್ ವೈರಿಂಗ್ ಕೆಲಸದವನು, ಈ ವರ್ಕ್‌ಶಾಪಿನ ಕಂಟ್ರೋಲ್ ಪ್ಯಾನಲ್, ಅಂದರೆ ಮೆಷಿನ್ನುಗಳನ್ನು ನಡೆಸುವ ಸ್ವಿಚ್ಚುಗಳ ಪೆಟ್ಟಿಗೆ, ಕಟ್ಟಿದವನು. ಇದರಲ್ಲಿ ಆದ ತಪ್ಪುಗಳಲ್ಲಿ ದೊಡ್ಡದು ನನ್ನದು. ಇನ್ನೊಬ್ಬರ ಮನೆಯಲ್ಲಿ ಅದು ಮತ್ತೆ ಆಗಬಾರದು ಎಂಬುದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿರುವುದು.

ಹಿನ್ನೆಲೆ

ಯಜಮಾನರು ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಮೆಂಟೆನೆನ್ಸ್ ವಿಭಾಗದಲ್ಲಿದ್ದವರು. ಅವರ ತಂದೆ ಬೀಟೆ ಮರದ ಕುಸುರಿ ಕೆಲಸದವರು. ಬೀಟೆಯ ಹಲಗೆಯಲ್ಲಿ ಚಿತ್ರದ ಆಕಾರಕ್ಕೆ ಗುಳಿ ತೆಗೆದು, ಬೇರೆ ಬಣ್ಣದ ಮರದ ಚೂರುಗಳನ್ನು ಕೂರಿಸಿ, ಮೇಲ್ಮೈಯನ್ನು ಸಮಮಾಡಿ ಉಜ್ಜುವ ಕೆಲಸ ಅದು. ಹಿಂದೆ ದಂತ ಕೂರಿಸುತ್ತಿದ್ದರು. ಅರಮನೆಯ ಅಂಬಾವಿಲಾಸದ ಬಾಗಿಲು ನೋಡಿದವರಿಗೆ ಇದರ ಗುರುತು ಹತ್ತುತ್ತದೆ. ಈಗ ದಂತದ ಜಾಗಕ್ಕೆ ಹಲಸು ಮುಂತಾದ ಮರಗಳೂ ಪ್ಲಾಸ್ಟಿಕ್ಕೂ ಬಂದಿವೆ. ಭೌಗೋಳಿಕ ಸೂಚ್ಯಂಕದ ಮನ್ನಣೆಯೂ ಈ ಕಸುಬಿಗೆ ಸಿಕ್ಕಿದೆ. ನಿವೃತ್ತಿಯಾದ ಮೇಲೆ ಅಪ್ಪನ ಕೆಲಸಕ್ಕೆ ಮರಳಬೇಕೆಂಬುದು ಯಜಮಾನರ ಬಹುದಿನದ ಆಸೆ. ಮನೆ ಪಕ್ಕದ ಕಾರ್ ಶೆಡ್ಡನ್ನು ಉದ್ದಮಾಡಿ 12 ಅಡಿ ಅಗಲ, 24 ಅಡಿ ಉದ್ದದ ವರ್ಕ್‌ಶಾಪ್ ಮಾಡಿಕೊಂಡರು. ವಿದ್ಯುತ್ ನಿಗಮಕ್ಕೆ ಅರ್ಜಿ ಹಾಕಿ ತ್ರೀ ಫೇಸ್ ತೆಗೆದುಕೊಂಡರು. ಟೇಬಲ್ ಸಾ, ಬ್ಯಾಂಡ್ ಸಾ, ತಿಕ್‌ನೆಸ್ ಪ್ಲೇನರ್, ಬೆಲ್ಟ್ ಸ್ಯಾಂಡರ್, ರೌಟರ್ ಒಂದೊಂದಾಗಿ ಬಂದವು. ಧೂಳು ಎಳೆಯಲು 3 ಎಚ್‌ಪಿ ಬ್ಲೋವರಿಗೆ ಬಟ್ಟೆಯ ಚೀಲ ಕಟ್ಟಿದ ಡಸ್ಟ್ ಕಲೆಕ್ಟರ್ ಒಂದನ್ನು ಶೆಡ್ಡಿನ ಮೂಲೆಯಲ್ಲಿ ನಿಲ್ಲಿಸಿದರು.

ಸಮಸ್ಯೆ ಗೊತ್ತಾದದ್ದು ಯಜಮಾನರ ರಾತ್ರಿಯ ಕೆಮ್ಮಿನಿಂದ. ಮೊದಲು ಕಣ್ಣು ಉರಿ, ಮೂಗು ಸೋರುವುದು. ಆಮೇಲೆ ಮುಂಗೈ ಮೇಲೆ ತುರಿಕೆಯ ಗಂಧೆ. ನಾಲ್ಕು ತಿಂಗಳಲ್ಲಿ ರಾತ್ರಿ ಎದ್ದು ಕೂರುವಷ್ಟು ಕೆಮ್ಮು. ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಯಾವ ಮರ ಕೊಯ್ತೀರಿ?" ಬೀಟೆಯಂಥ ಮರಗಳಲ್ಲಿರುವ ಕೆಲವು ರಾಸಾಯನಿಕಗಳು ಚರ್ಮಕ್ಕೂ ಉಸಿರಾಟಕ್ಕೂ ಅಲರ್ಜಿ ತರುತ್ತವೆ. ಒಮ್ಮೆ ಮೈಗೆ ಅದು ಹತ್ತಿದರೆ ಮುಂದೆ ಸ್ವಲ್ಪ ಧೂಳೂ ಸಾಕು. ಅಲರ್ಜಿಯ ಮಾತು ಹಾಗಿರಲಿ, ಯಾವುದೇ ಮರದ ಧೂಳನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಮನುಷ್ಯರಿಗೆ ಕ್ಯಾನ್ಸರ್ ತರುವ ಮೊದಲ ಗುಂಪಿಗೆ ಸೇರಿಸಿದೆ. ಮೂಗು ಮತ್ತು ಅದರ ಸುತ್ತಲ ಕುಳಿಗಳ ಕ್ಯಾನ್ಸರ್ ಅದು. "ಕೆಲಸ ಬಿಡಿ, ಇಲ್ಲ ಧೂಳು ಬಿಡಿ" ಎಂದರಂತೆ ಡಾಕ್ಟರು. ಕೆಲಸ ಬಿಡುವ ಮಾತು ಅವರ ಮನೆಯಲ್ಲಿ ನಡೆಯುವಂತಿರಲಿಲ್ಲ.

ನಾನು ಹೋದ ದಿನ ಯಜಮಾನರು ಮಾಡಿ ತೋರಿಸಿದ ಪರೀಕ್ಷೆಯನ್ನು ಎಲ್ಲರೂ ಮಾಡಿ ನೋಡಬೇಕು. ಸಂಜೆ ಏಳರ ಮೇಲೆ ಶೆಡ್ಡಿನ ದೀಪಗಳನ್ನೆಲ್ಲ ಆರಿಸಿದರು. ಡಸ್ಟ್ ಕಲೆಕ್ಟರ್ ಹಾಕಿದರು. ಒಂದು ಟಾರ್ಚನ್ನು ಬೆಂಚಿನ ಮೇಲೆ ಅಡ್ಡಲಾಗಿ ಇಟ್ಟು, ಆ ಬೆಳಕಿನ ಕೋಲನ್ನು ಪಕ್ಕದಿಂದ ನೋಡು ಎಂದರು. ಅಂದು ಮಧ್ಯಾಹ್ನದಿಂದ ಒಂದು ಮೆಷಿನ್ನೂ ಓಡಿರಲಿಲ್ಲ. ಆದರೂ ಬೆಳಕಿನ ತುಂಬಾ ಕಂದು ಹೊಗೆಯಂಥದ್ದು ಸುಳಿಯುತ್ತಿತ್ತು. ಅದು ಬರುತ್ತಿದ್ದದ್ದು ಚೀಲದಿಂದ. ದಪ್ಪ ಹೊಟ್ಟು ಚೀಲದಲ್ಲಿ ಉಳಿಯುತ್ತದೆ, ನೆಲಕ್ಕೂ ಬೀಳುತ್ತದೆ, ಗುಡಿಸಿದರೆ ಹೋಗುತ್ತದೆ. ಎದೆಯ ಆಳಕ್ಕೆ ಇಳಿಯುವ 10 ಮೈಕ್ರಾನಿಗಿಂತ ಸಣ್ಣ ಪುಡಿ ನೇಯ್ಗೆಯ ಸಂದಿಯಲ್ಲಿ ಹೊರಬಂದು ಗಂಟೆಗಟ್ಟಲೆ ಗಾಳಿಯಲ್ಲೇ ತೇಲುತ್ತದೆ. ಧೂಳು ಎಳೆಯಲೆಂದು ತಂದ ಮೆಷಿನ್ನೇ ಕೆಟ್ಟ ಧೂಳನ್ನು ಸೋಸಿ ಕೋಣೆಗೆ ಹಂಚುತ್ತಿತ್ತು.

ಮೊದಲ ತೀರ್ಮಾನ

ಇಲ್ಲಿ ಒಂದು ಒಳ್ಳೆಯ ತೀರ್ಮಾನ ಮಾಡಿದೆವು. ಮನೆ ವರ್ಕ್‌ಶಾಪ್ ಬಗ್ಗೆ ಸಿಗುವ ಮಾಹಿತಿಯಲ್ಲಿ ಬಹುಪಾಲು ಚಳಿದೇಶದವರು ಬರೆದದ್ದು. ಕೋಣೆ ಬೆಚ್ಚಗಿಡಲು ಅವರು ಖರ್ಚುಮಾಡಿರುತ್ತಾರೆ. ಆ ಗಾಳಿಯನ್ನು ಹೊರಗೆ ಬಿಟ್ಟರೆ ನಷ್ಟವೆಂದು ಶೋಧಿಸಿ ಮತ್ತೆ ಒಳಗೇ ಬಿಡುತ್ತಾರೆ. ಮೈಸೂರಿನಲ್ಲಿ ನಮಗೆ ಆ ಗೊಡವೆಯಿಲ್ಲ. ಹನ್ನೆರಡು ತಿಂಗಳೂ ಕಿಟಕಿ ತೆಗೆದಿಟ್ಟು ಕೆಲಸ ಮಾಡಬಹುದಾದ ಊರು. ಆದ್ದರಿಂದ ಬ್ಲೋವರನ್ನು ಶೆಡ್ಡಿನ ಹಿಂದೆ ಹೊರಗಿಟ್ಟೆವು. ಗಾಳಿ ಬ್ಲೋವರಿಗೆ ತಲುಪುವ ಮುಂಚೆಯೇ ದಪ್ಪ ಹೊಟ್ಟು ಇಳಿದುಹೋಗುವಂತೆ, ಗಾಳಿಯನ್ನು ಸುತ್ತಿಸಿ ಹೊಟ್ಟು ಬೇರ್ಪಡಿಸುವ ತಗಡಿನ ಸೈಕ್ಲೋನ್ ಮಾಡಿಸಿ, ಕೆಳಗೆ ಡ್ರಮ್ಮು ಕೂರಿಸಿದೆವು.

ಎರಡನೆಯ ತೀರ್ಮಾನ ಅಷ್ಟು ಚೆನ್ನಾಗಿರಲಿಲ್ಲ. ಸೈಕ್ಲೋನ್ ಇದೆಯಲ್ಲ, ಗಾಳಿ ಹೊರಗೆ ಹೋಗುತ್ತದಲ್ಲ ಎಂದು ಫಿಲ್ಟರ್ ಹಾಕಲಿಲ್ಲ. ಮೂರನೆಯ ದಿನ ಹಿಂದಿನ ಮನೆಯವರು ಒಂದು ತಟ್ಟೆ ಹಿಡಿದುಕೊಂಡು ಬಂದರು. ತಾರಸಿಯ ಮೇಲೆ ಹಳೆಯ ಸೀರೆ ಹಾಸಿ ಇಟ್ಟಿದ್ದ ಅಕ್ಕಿ ಸಂಡಿಗೆಯ ಮೇಲೆ ತೆಳ್ಳಗೆ ಕಂದು ಪುಡಿ ಕೂತಿತ್ತು. ಅವರು ಜಗಳ ಮಾಡಲಿಲ್ಲ, ತಟ್ಟೆಯನ್ನು ಅಮ್ಮನ ಕೈಗೆ ಕೊಟ್ಟು ನಿಂತರು, ಅಷ್ಟೆ. ಸೈಕ್ಲೋನ್ ದಪ್ಪದ್ದನ್ನು ಮಾತ್ರ ಹಿಡಿಯುತ್ತದೆ. ಸಣ್ಣ ಪುಡಿ ಬ್ಲೋವರ್ ದಾಟಿ ಹೋಗಿಯೇ ಹೋಗುತ್ತದೆ. ನಮ್ಮ ಎದೆಗೆ ಬೇಡವಾದದ್ದು ಪಕ್ಕದವರ ಎದೆಗೆ ಹೇಗೆ ಸರಿ? ಅದೇ ವಾರ ಬ್ಲೋವರಿನಿಂದ ಗಾಳಿ ಹೊರಹೋಗುವ ಬಾಯಿಗೆ ಎರಡು ಕಾರ್ಟ್ರಿಜ್ ಫಿಲ್ಟರ್ ಹಾಕಿದೆವು. ಹಿಂದಿನ ಮನೆಗೆ ಹೊಸ ಸಂಡಿಗೆ ಅಮ್ಮ ಮಾಡಿಕೊಟ್ಟರು.

ಪ್ಯಾನಲ್

ಪ್ರತಿ ಮೆಷಿನ್ನಿನ ಧೂಳಿನ ಪೈಪಿಗೆ ಗಾಳಿ ತಡೆಯುವ ಒಂದು ಗೇಟು ಬೇಕು. ಯಜಮಾನರಿಗೆ ಕೈಯಿಂದ ತೆಗೆದು ಮುಚ್ಚುವ ಗೇಟುಗಳು ಬೇಡವಾಗಿದ್ದವು. ಒಂದು ಬ್ಲೋವರಿಗೆ ಐದು ಮೆಷಿನ್. ಓಡುತ್ತಿರುವ ಮೆಷಿನ್ನಿನ ಗೇಟು ಮಾತ್ರ ತೆರೆದಿರಬೇಕು, ಮಿಕ್ಕವು ಮುಚ್ಚಿರಬೇಕು, ಇಲ್ಲದಿದ್ದರೆ ಎಳೆತ ಹಂಚಿಹೋಗುತ್ತದೆ. ಕೆಲಸದ ಗುಂಗಿನಲ್ಲಿ ಇದು ಮರೆಯುತ್ತದೆ, ಯಾರಿಗಾದರೂ. ಕಾರ್ಖಾನೆಯಲ್ಲಿ ಮೂವತ್ತು ವರ್ಷ ನ್ಯೂಮ್ಯಾಟಿಕ್ (ಒತ್ತಿದ ಗಾಳಿಯಿಂದ ನಡೆಯುವ) ಸಿಲಿಂಡರ್ ನೋಡಿದವರಿಗೆ ಪರಿಹಾರ ಕಣ್ಣೆದುರೇ ಇತ್ತು. ಪ್ರತಿ ಗೇಟಿಗೆ ಒಂದು ಸಿಲಿಂಡರ್, ಅದಕ್ಕೆ ಗಾಳಿ ಬಿಡುವ ಒಂದು ಸೊಲೆನಾಯ್ಡ್ ವಾಲ್ವ್ (ಕರೆಂಟಿನಿಂದ ತೆರೆಯುವ ವಾಲ್ವ್), ಗೇಟು ಪೂರ್ತಿ ತೆರೆದಿದೆ ಎಂದು ಹೇಳಲು ಒಂದು ಲಿಮಿಟ್ ಸ್ವಿಚ್. ಪ್ರತಿ ಮೆಷಿನ್ನಿನ ವೈರಿನ ಸುತ್ತ ಒಂದು ಕರೆಂಟ್ ಸೆನ್ಸರ್. ಮಧ್ಯದಲ್ಲಿ, ಪ್ರೋಗ್ರಾಮಿನಂತೆ ಇವನ್ನೆಲ್ಲ ನಡೆಸುವ, ಕಂಪ್ಯೂಟರಿನಂಥ ಒಂದು ಸಣ್ಣ ಪಿಎಲ್‌ಸಿ, 24 ವೋಲ್ಟ್ ಡಿಸಿ ಸಪ್ಲೈ. ಸಾ ಚಾಲೂ ಆದೊಡನೆ ಸೆನ್ಸರ್ ಅದನ್ನು ಕಂಡುಕೊಂಡು ಗೇಟು ತೆಗೆಸುತ್ತದೆ, ಲಿಮಿಟ್ ಸ್ವಿಚ್ ಒಪ್ಪಿದ ಮೇಲೆ ಬ್ಲೋವರ್ ಹೊರಡುತ್ತದೆ. ಸಾ ನಿಂತ ಮೇಲೆ ಬ್ಲೋವರ್ ಸ್ವಲ್ಪ ಹೊತ್ತು ಓಡಿ ಪೈಪಿನಲ್ಲಿ ಉಳಿದದ್ದನ್ನು ಎಳೆದು ನಿಲ್ಲುತ್ತದೆ.

ಆ "ಸ್ವಲ್ಪ ಹೊತ್ತು" ಎಂಬುದನ್ನು ನಾನು 8 ಸೆಕೆಂಡಿಗೆ ಇಟ್ಟೆ. ಬಡಗಿ ಕೆಲಸ ನಡೆಯುವ ಬಗೆ ನನಗೆ ತಿಳಿದಿರಲಿಲ್ಲ. ಅವರು ಒಂದು ಪಟ್ಟಿ ಕೊಯ್ಯುತ್ತಾರೆ, ಸಾ ನಿಲ್ಲಿಸುತ್ತಾರೆ, ಅಳೆಯುತ್ತಾರೆ, ಮತ್ತೆ ಕೊಯ್ಯುತ್ತಾರೆ. ಒಂದು ಗಂಟೆಯಲ್ಲಿ ಬ್ಲೋವರ್ ಸುಮಾರು 40 ಸಲ ಸ್ಟಾರ್ಟ್ ಆಯಿತು, ಓವರ್‌ಲೋಡ್ ರಿಲೇ (ಮೋಟರಿಗೆ ಹೊರೆ ಹೆಚ್ಚಾದರೆ ಕರೆಂಟು ಕಡಿಯುವುದು) ಟ್ರಿಪ್ ಆಯಿತು. ಇಂಡಕ್ಷನ್ ಮೋಟರು ಪ್ರತಿ ಸ್ಟಾರ್ಟಿಗೂ ಓಡುವ ಕರೆಂಟಿನ ಐದಾರು ಪಟ್ಟು ಎಳೆಯುತ್ತದೆ, ಆ ಶಾಖವೆಲ್ಲ ವೈಂಡಿಂಗಿನಲ್ಲೇ ಉಳಿಯುತ್ತದೆ. ಸಮಯವನ್ನು 3 ನಿಮಿಷಕ್ಕೆ ಏರಿಸಿದ ಮೇಲೆ ಸರಿಹೋಯಿತು.

ಇಷ್ಟೆಲ್ಲ ಆದರೂ ಟೇಬಲ್ ಸಾ ಹತ್ತಿರ ಎಳೆತ ಸಾಲದು. ಬ್ಲೋವರ್ ಸಣ್ಣದಾಯಿತೇನೋ, 5 ಎಚ್‌ಪಿ ತರೋಣವೇ ಎಂದು ಅವರೇ ಕೇಳಿದರು. ತರುವ ಮುಂಚೆ ಒಂದು ಅಳತೆ ಮಾಡೋಣ ಎಂದೆ. ಗಾರೆಯವರು ಮಟ್ಟ ನೋಡುವ ಪಾರದರ್ಶಕ ಟ್ಯೂಬನ್ನು ಯು ಆಕಾರಕ್ಕೆ ಬಗ್ಗಿಸಿ ಹಲಗೆಗೆ ಕಟ್ಟಿ, ನೀರಿಗೆ ಒಂದು ತೊಟ್ಟು ಶಾಯಿ ಬಿಟ್ಟೆವು. ಪೈಪಿಗೆ ಸಣ್ಣ ತೂತು ಕೊರೆದು ಟ್ಯೂಬಿನ ಒಂದು ತುದಿಯನ್ನು ಅಲ್ಲಿಗೆ ಹಿಡಿದರೆ, ಒಳಗಿನ ಎಳೆತಕ್ಕೆ ತಕ್ಕಂತೆ ನೀರು ಒಂದು ಕಡೆ ಏರಿ ಇನ್ನೊಂದು ಕಡೆ ಇಳಿಯುತ್ತದೆ. ಬ್ಲೋವರ್ ಪಕ್ಕದಲ್ಲಿ ನೀರಿನ ಎರಡು ಮಟ್ಟಗಳ ಅಂತರ 200 ಮಿಲಿಮೀಟರ್. ಟೇಬಲ್ ಸಾ ಬಾಯಲ್ಲಿ 35. ಬ್ಲೋವರಿನದು ಏನೂ ತಪ್ಪಿರಲಿಲ್ಲ, ಮಧ್ಯದ ಪೈಪೇ ಅದರ ಶಕ್ತಿಯನ್ನೆಲ್ಲ ತಿನ್ನುತ್ತಿತ್ತು.

ನಾವು ಹಾಕಿದ್ದದ್ದು ಮನೆ ಕಟ್ಟುವಾಗ ಮೋರಿಗೆ ಹಾಕುವ 110 ಮಿ.ಮೀ. (ಒಳ ಅಳತೆ ಸುಮಾರು 100) ಪಿವಿಸಿ ಪೈಪು, ಮೂಲೆಮೂಲೆಗೆ ನೇರ 90 ಡಿಗ್ರಿಯ ಎಲ್ಬೊ, ಕೊನೆಯಲ್ಲಿ ಹತ್ತಡಿ ಸುರುಳಿ ಹೋಸು. ಮರದ ಹೊಟ್ಟು ಪೈಪಿನಲ್ಲಿ ಕೂರದೆ ಹರಿಯಬೇಕಾದರೆ ಗಾಳಿಯ ವೇಗ ಸೆಕೆಂಡಿಗೆ ಸುಮಾರು 20 ಮೀಟರ್ ಇರಬೇಕು. ಆ ವೇಗದಲ್ಲಿ 100 ಮಿ.ಮೀ. ಪೈಪಿನಲ್ಲಿ ಗಂಟೆಗೆ ಸುಮಾರು 565 ಘನ ಮೀಟರ್ ಗಾಳಿ ಹೋಗುತ್ತದೆ, 150 ಮಿ.ಮೀ. ಪೈಪಿನಲ್ಲಿ 1,270. ದಪ್ಪ ಹೊಟ್ಟಿಗೆ ಮೊದಲನೆಯದು ಸಾಕು. ಆದರೆ ಅಲಗಿನ ಸುತ್ತ ಹಾರುವ ಸಣ್ಣ ಪುಡಿಯನ್ನು ಹಿಡಿದು ತರಲು ಬೇಕಾದದ್ದು ಗಾಳಿಯ ರಾಶಿ. ಮುಖ್ಯ ಪೈಪನ್ನು 160 ಮಿ.ಮೀ.ಗೆ (ಒಳ ಅಳತೆ ಸುಮಾರು 150) ಬದಲಿಸಿದೆವು, ಒಂದೊಂದು ಎಲ್ಬೊ ಜಾಗದಲ್ಲಿ ಎರಡೆರಡು 45 ಡಿಗ್ರಿಯವನ್ನು ಹಾಕಿದೆವು, ಹೋಸನ್ನು ಎರಡಡಿಗೆ ಕತ್ತರಿಸಿದೆವು. ಸಾ ಬಾಯಲ್ಲಿ 35 ಇದ್ದದ್ದು 70ಕ್ಕೆ ಬಂತು. ಮೋಟರು ಅದೇ 3 ಎಚ್‌ಪಿ.

ಕೈ ಉಳಿದ ಸಂಜೆ

ನನ್ನ ತಪ್ಪು ಇಲ್ಲಿದೆ, ಅದು ಎರಡು ಭಾಗದ್ದು.

ಡ್ರಮ್ಮು ತುಂಬಿದರೆ ಸೈಕ್ಲೋನ್ ಕಟ್ಟಿಕೊಂಡು ಹೊಟ್ಟು ಬ್ಲೋವರಿಗೇ ಹೋಗುತ್ತದೆ. ಅದಕ್ಕೊಂದು ಎಚ್ಚರಿಕೆ ಬೇಕಿತ್ತು. ಕಟ್ಟಿಕೊಂಡರೆ ಮೋಟರು ಹೆಣಗುತ್ತದೆ, ಹೆಣಗಿದರೆ ಕರೆಂಟು ಏರುತ್ತದೆ ಎಂದು ನಾನು ಭಾವಿಸಿದೆ. ಬ್ಲೋವರ್ ಕರೆಂಟು 5 ಆಂಪ್ಸ್ ದಾಟಿದರೆ ಕೆಂಪು ದೀಪ ಹತ್ತಬೇಕು ಎಂದು ಪ್ರೋಗ್ರಾಂ ಬರೆದೆ. ಆ ದೀಪ ಒಂದು ದಿನವೂ ಹತ್ತಲಿಲ್ಲ. ಹತ್ತದ್ದರಿಂದ ಎಲ್ಲ ಸರಿಯಿದೆ ಎಂದು ಮನೆಯಲ್ಲಿ ನಂಬಿದ್ದರು.

ಒಂದು ಶನಿವಾರ ಸಂಜೆ ಪ್ಲೇನರ್ ಹಾಕಿ ಕೆಲಸ ಮಾಡುತ್ತಿದ್ದಾಗ ಬ್ಲೋವರಿನ ಸದ್ದು ಬದಲಾಯಿತು, ಅದರ ಮೈ ನಡುಗಲಿಕ್ಕೆ ಶುರುವಾಯಿತು. ಯಜಮಾನರು ಪ್ಲೇನರ್ ನಿಲ್ಲಿಸಿ, ಪ್ಯಾನಲ್ ಮೇಲಿನ ಸ್ವಿಚ್ಚನ್ನು ಆಟೋದಿಂದ ಮ್ಯಾನ್ಯುಯಲ್‌ಗೆ ತಿರುಗಿಸಿ, ಬರೀ ಬ್ಲೋವರ್ ಓಡಿಸಿ ಕಿವಿಗೊಟ್ಟರು. ಅಷ್ಟರಲ್ಲಿ ಕರೆಂಟು ಹೋಯಿತು. ಹೇಗೂ ಕರೆಂಟಿಲ್ಲ, ಈಗಲೇ ತೆಗೆದುಬಿಡೋಣ ಎಂದು ಹಿಂದೆ ಹೋಗಿ ಬ್ಲೋವರಿನ ಇನ್ಲೆಟ್ ಪೈಪು (ಗಾಳಿ ಒಳಬರುವ ಪೈಪು) ಬಿಚ್ಚಿದರು. ಒಳಗೆ ಗಾಳಿ ಎಳೆಯುವ ಚಕ್ರದ, ಅಂದರೆ ಇಂಪೆಲ್ಲರಿನ, ಎಲೆಗಳ ನಡುವೆ ಬೆರಳುದ್ದದ ಬೀಟೆಯ ಚಕ್ಕೆ ಸಿಕ್ಕಿತ್ತು. ಮೊಣಕೈವರೆಗೂ ಕೈ ಹಾಕಿ ಅದನ್ನು ಎಳೆದರು. "ಟೀ ಆರ್ತಾ ಇದೆ, ಬನ್ನಿ ಅಂದ್ರೆ" ಎಂದು ಅಮ್ಮ ಅಡುಗೆಮನೆ ಕಿಟಕಿಯಿಂದ ಎರಡನೇ ಸಲ ಕೂಗಿದರು. ಯಜಮಾನರು ಚಕ್ಕೆ ಹಿಡಿದುಕೊಂಡು ಎದ್ದುನಿಂತರು. ಕರೆಂಟು ಬಂತು. ಯಾರೂ ಏನೂ ಒತ್ತದೆ ಬ್ಲೋವರ್ ತಿರುಗಿತು.

ಅವರು ನನಗೆ ಫೋನ್ ಮಾಡಿದ್ದು ರಾತ್ರಿ ಒಂಬತ್ತಕ್ಕೆ. ಬೈಯಲಿಲ್ಲ. "ಮರಿ, ಒಂದ್ಸಲ ಬಂದು ನೋಡು. ತಾನಾಗೇ ಸ್ಟಾರ್ಟ್ ಆಯ್ತು" ಎಂದರು. ದನಿ ಸಣ್ಣದಾಗಿತ್ತು.

ಕಾರಣ ಹುಡುಕಲು ಹತ್ತು ನಿಮಿಷ ಸಾಕಾಯಿತು. ಮ್ಯಾನ್ಯುಯಲ್‌ನಲ್ಲಿ ಬ್ಲೋವರ್ ಓಡಲಿ ಎಂಬ ಆದೇಶವನ್ನು ನಾನು ಪಿಎಲ್‌ಸಿಯ ಕರೆಂಟು ಹೋದರೂ ಅಳಿಯದ ಸ್ಮೃತಿಯಲ್ಲಿ ಇಟ್ಟಿದ್ದೆ. ಟೈಮರ್ ಸೆಟ್ಟಿಂಗ್ ಅಳಿಯಬಾರದೆಂದು ಒಂದು ಇಡೀ ಭಾಗವನ್ನು ಹಾಗೆ ಗುರುತಿಸಿದ್ದೆ, ಈ ಆದೇಶವೂ ಅದರೊಳಗೆ ಸೇರಿಕೊಂಡಿತ್ತು. ಕರೆಂಟು ಬಂದೊಡನೆ ಪಿಎಲ್‌ಸಿ ತನಗೆ ನೆನಪಿದ್ದದ್ದನ್ನು ಮಾಡಿತು. ಹಳೆಯ ಸಾದಾ ಸ್ಟಾರ್ಟರಿನಲ್ಲಿ ಹೀಗೆ ಆಗಲು ಸಾಧ್ಯವೇ ಇರಲಿಲ್ಲ. ಹಸಿರು ಬಟನ್ ಒತ್ತಿದಾಗ ಕಾಂಟ್ಯಾಕ್ಟರ್, ಅಂದರೆ ಮೋಟರಿಗೆ ಕರೆಂಟು ಕೊಡುವ ಕಾಂತದ ಸ್ವಿಚ್ಚು, ತನ್ನ ಸಂಪರ್ಕದಿಂದ ತನ್ನನ್ನೇ ಹಿಡಿದುಕೊಳ್ಳುತ್ತದೆ. ಕರೆಂಟು ಹೋದರೆ ಹಿಡಿತ ಬಿಡುತ್ತದೆ, ಮತ್ತೆ ಯಾರಾದರೂ ಒತ್ತುವವರೆಗೆ ಸುಮ್ಮನಿರುತ್ತದೆ. ಆ ರಕ್ಷಣೆಯನ್ನು ನಾನೇ ನನ್ನ ಕೈಯಾರೆ ತೆಗೆದುಹಾಕಿದ್ದೆ. ದಿನಕ್ಕೆ ಎರಡು ಸಲ ಕರೆಂಟು ಹೋಗಿ ಬರುವ ಕಡೆ ಹಾಗೆ ಮಾಡಿದ್ದೆ.

ಮಾರನೆಯ ದಿನ ಕೆಂಪು ದೀಪದ ವಿಷಯವೂ ಬಯಲಾಯಿತು. ತಂತಿ ಬಿಚ್ಚದೆ ಕರೆಂಟು ಅಳೆಯುವ ಕ್ಲ್ಯಾಂಪ್ ಮೀಟರ್ ಹಾಕಿ ಗೇಟುಗಳನ್ನು ಒಂದೊಂದಾಗಿ ಮುಚ್ಚುತ್ತ ಬಂದೆವು. ಎರಡು ಗೇಟು ತೆರೆದಾಗ 4.1 ಆಂಪ್ಸ್, ಒಂದೇ ತೆರೆದಾಗ 3.5, ಎಲ್ಲ ಮುಚ್ಚಿದಾಗ 2.4. ನಾನು ಮೀಟರ್ ಕೆಟ್ಟಿದೆ ಎಂದುಕೊಂಡೆ. ಯಜಮಾನರು ತಲೆಯಾಡಿಸಿ, "ಇಲ್ಲ ಮರಿ, ಪಂಪಿನ ವಾಲ್ವ್ ಮುಚ್ಚಿದ್ರೆ ಆಂಪ್ಸ್ ಇಳಿಯಲ್ವ? ಇದೂ ಅದೇ ಜಾತಿ" ಎಂದರು. ಅವರ ಮಾತು ಸರಿ. ಬ್ಲೋವರಿನ ಹೊರೆ ಅದು ಸಾಗಿಸುವ ಗಾಳಿ. ದಾರಿ ಕಟ್ಟಿದರೆ ಸಾಗಿಸಲು ಗಾಳಿಯಿಲ್ಲ, ಹೊರೆ ಇಳಿಯುತ್ತದೆ. ಪೈಪು ಬಿಚ್ಚಿ ಬರಿದೇ ಓಡಿಸಿದಾಗಲೇ ಅದು ಅತಿ ಹೆಚ್ಚು ಕರೆಂಟು ಎಳೆಯುವುದು. ನನ್ನ ದೀಪ ಅಪಾಯ ಬಂದಷ್ಟೂ ಆರಿಯೇ ಇರುವಂತೆ ಬರೆದದ್ದಾಗಿತ್ತು. ದೀಪ ಸುಳ್ಳು ಹೇಳಿತು, ಡ್ರಮ್ಮು ತುಂಬಿತು, ಚಕ್ಕೆ ಬ್ಲೋವರಿಗೆ ಬಂತು, ಅದನ್ನು ತೆಗೆಯಲು ಕೈ ಒಳಗೆ ಹೋಯಿತು. ನನ್ನ ಒಂದು ತಪ್ಪು ಅವರನ್ನು ಇನ್ನೊಂದು ತಪ್ಪಿನ ಬಾಯಿಗೆ ಕರೆದುಕೊಂಡು ಹೋಗಿತ್ತು.

ಆಮೇಲೆ ಬದಲಿಸಿದ್ದು

ಪ್ರೋಗ್ರಾಂ ತಿದ್ದಿದರೆ ಸಾಕಿತ್ತು ಎನ್ನುವವರಿದ್ದಾರೆ. ನಾನು ತಿದ್ದಿದೆ, ಆದರೆ ಅದನ್ನು ನಂಬಿ ಬಿಡಲಿಲ್ಲ. ಕೈಕಾಲಿನ ರಕ್ಷಣೆ ಪ್ರೋಗ್ರಾಮಿನ ಒಳಗಿರಬಾರದು, ತಂತಿಯಲ್ಲಿರಬೇಕು. ಈಗ ಬ್ಲೋವರ್ ಮತ್ತು ಎಲ್ಲ ಮೆಷಿನ್ನುಗಳ ಕಾಂಟ್ಯಾಕ್ಟರ್ ಕಾಯಿಲ್‌ಗಳಿಗೆ ಸಪ್ಲೈ ಒಂದು ಸೇಫ್ಟಿ ರಿಲೇ ಮೂಲಕವೇ ಹೋಗುತ್ತದೆ. ಕರೆಂಟು ಹೋದರೆ ಅದು ಬೀಳುತ್ತದೆ. ಬಂದ ಮೇಲೆ ಪ್ಯಾನಲ್ ಮುಂದೆ ನಿಂತು ನೀಲಿ ಬಟನ್ ಒತ್ತುವವರೆಗೆ ಪಿಎಲ್‌ಸಿ ಏನು ಹೇಳಿದರೂ ಯಾವುದೂ ತಿರುಗುವುದಿಲ್ಲ. ಅಣಬೆ ತಲೆಯ ಕೆಂಪು ಎಮರ್ಜೆನ್ಸಿ ಸ್ಟಾಪ್ ಬಟನ್‌ಗಳು ಮೂರು ಕಡೆ ಇವೆ. ಅವುಗಳ ಸಂಪರ್ಕ ಸದಾ ಕೂಡಿಕೊಂಡಿರುವ ಬಗೆಯದು, ಆದ್ದರಿಂದ ಇಲಿ ತಂತಿ ಕಡಿದರೂ ಮೆಷಿನ್ ನಿಲ್ಲುತ್ತದೆಯೇ ಹೊರತು ಬಟನ್ ಕೈಕೊಡುವುದಿಲ್ಲ. ಇನ್ಲೆಟ್ ಪೈಪಿನ ಮುಚ್ಚಳಕ್ಕೂ ಡ್ರಮ್ಮಿಗೂ ಲಿಮಿಟ್ ಸ್ವಿಚ್ ಬಂದಿದೆ. ಇದೆಲ್ಲಕ್ಕಿಂತ ಮುಖ್ಯವಾದದ್ದು ಬ್ಲೋವರ್ ಪಕ್ಕದಲ್ಲೇ ಹಾಕಿದ ಐಸೊಲೇಟರ್, ಅದಕ್ಕೆ ಬರುವ ಕರೆಂಟನ್ನೇ ಕಡಿಯುವ ಸ್ವಿಚ್ಚು. ಆಫ್ ಮಾಡಿ ಅದಕ್ಕೆ ಬೀಗ ಜಡಿಯದೆ ಪೈಪು ಬಿಚ್ಚುವಂತಿಲ್ಲ ಎಂದು ಮನೆಯಲ್ಲಿ ಕಟ್ಟಳೆಯಾಗಿದೆ. ಬೀಗಕ್ಕೆ ಒಂದೇ ಕೀಲಿಕೈ.

ಕೆಂಪು ದೀಪಕ್ಕೆ ಈಗ ಕರೆಂಟಿನ ಗೊಡವೆಯಿಲ್ಲ. ಡ್ರಮ್ಮಿನ ಮೇಲ್ಭಾಗದಲ್ಲಿ ಒಂದು ಕೆಪ್ಯಾಸಿಟಿವ್ ಸೆನ್ಸರ್ ಹೊಟ್ಟು ಅಲ್ಲಿಗೆ ಏರಿದೆಯೇ ಎಂದು ನೋಡುತ್ತದೆ. ಫಿಲ್ಟರಿನ ಎರಡೂ ಬದಿಯ ಒತ್ತಡದ ವ್ಯತ್ಯಾಸ ನೋಡುವ ಸ್ವಿಚ್ಚು ಫಿಲ್ಟರ್ ಕೊಡವುವ ಹೊತ್ತು ಹೇಳುತ್ತದೆ.

ಕೆಲವನ್ನು ತೆಗೆದೂಹಾಕಿದೆವು. ಐದು ನ್ಯೂಮ್ಯಾಟಿಕ್ ಗೇಟುಗಳಲ್ಲಿ ಎರಡು ಹೋದವು. ಬ್ಯಾಂಡ್ ಸಾ ಮತ್ತು ರೌಟರಿಗೆ ದಿನಕ್ಕೆ ಒಂದೆರಡು ಸಲ ಕೈಯಿಂದ ಗೇಟು ತೆಗೆದರೆ ಸಾಕು, ಅದಕ್ಕಾಗಿ ಕಂಪ್ರೆಸರ್ ಗಾಳಿ ಸೋರಿಸಿಕೊಂಡು ಬಡಿದುಕೊಳ್ಳುವುದು ಬೇಡ. ಉಳಿ ಸಾಣೆ ಹಿಡಿಯುವ ಗ್ರೈಂಡರನ್ನೂ ಇದೇ ಪೈಪಿಗೆ ಜೋಡಿಸಿದ್ದೆವು, ಅದನ್ನು ತಕ್ಷಣ ಬಿಡಿಸಿದೆ. ಕಬ್ಬಿಣದ ಕಿಡಿ ಮರದ ಪುಡಿ ತುಂಬಿದ ಫಿಲ್ಟರಿಗೆ ಹೋದರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ. ಡ್ರಮ್ಮಿನ ಹೊಟ್ಟನ್ನು ಅಮ್ಮನ ತವರಿನವರು ಹೊಟ್ಟಿನ ಒಲೆಗೆ ಒಯ್ಯುತ್ತಿದ್ದರು. ಈಗ ಹಲಸು, ತೇಗದ ದಪ್ಪ ಹೊಟ್ಟು ಮಾತ್ರ ಕೊಡುತ್ತಾರೆ. ಫಿಲ್ಟರಿನ ಸಣ್ಣ ಪುಡಿ ಬೆಂಕಿಯ ಮೇಲೆ ಉದುರಿದರೆ ಭಗ್ಗನೆ ಹತ್ತುತ್ತದೆ, ಅದನ್ನು ಒದ್ದೆ ಮಾಡಿ ಚೀಲ ಕಟ್ಟಿ ಹೊರಹಾಕುತ್ತಾರೆ.

ಈ ಕೆಲಸವನ್ನು ಮತ್ತೆ ಮೊದಲಿಂದ ಮಾಡುವುದಾದರೆ ನಾನು ಪ್ಯಾನಲ್ಲಿಗೆ ಕೈಹಾಕುವುದು ಕೊನೆಗೆ. ಟಾರ್ಚು, ಶಾಯಿ ನೀರಿನ ಟ್ಯೂಬು, ಕ್ಲ್ಯಾಂಪ್ ಮೀಟರ್ ಇವು ಮೂರನ್ನು ಹಿಡಿದುಕೊಂಡು ಒಂದು ವಾರ ಶೆಡ್ಡಿನಲ್ಲಿ ಅವರ ಪಕ್ಕ ನಿಲ್ಲುತ್ತೇನೆ. ಗಾಳಿ ಎಲ್ಲಿ ಹೋಗುತ್ತದೆ, ಮನುಷ್ಯ ಎಷ್ಟು ಸಲ ಸ್ವಿಚ್ ಹಾಕುತ್ತಾನೆ, ಕರೆಂಟು ಹೋದಾಗ ಅವನು ಏನು ಮಾಡುತ್ತಾನೆ ಎಂದು ನೋಡುತ್ತೇನೆ. ಆ ಕೊನೆಯ ಪ್ರಶ್ನೆಯನ್ನು ನಾನು ಅವರನ್ನು ಕೇಳಿಯೇ ಇರಲಿಲ್ಲ. ಕೇಳಿದ್ದರೆ ಅವರು ಹೇಳುತ್ತಿದ್ದರು: ಕರೆಂಟು ಹೋದಾಗಲೇ ನಾನು ಮೆಷಿನ್ ಕ್ಲೀನ್ ಮಾಡೋದು.

ಕಳೆದ ಆಯುಧ ಪೂಜೆಯ ಹಿಂದಿನ ದಿನ ಹೋಗಿದ್ದೆ. ಯಜಮಾನರು ಮೆಷಿನ್ನುಗಳನ್ನೆಲ್ಲ ಒರೆಸಿ, ಐಸೊಲೇಟರಿಗೆ ಬೀಗ ಹಾಕಿ, ಕೀಲಿಕೈಯನ್ನು ಅಂಗಿ ಜೇಬಿನಲ್ಲಿಟ್ಟುಕೊಂಡು ಡ್ರಮ್ಮು ತೊಳೆಯುತ್ತಿದ್ದರು. ಸಂಜೆ ಮತ್ತೆ ದೀಪ ಆರಿಸಿ ಟಾರ್ಚು ಹಚ್ಚಿದೆವು. ಟೇಬಲ್ ಸಾ ಓಡಿಸಿದ ಮೇಲೂ ಬೆಳಕಿನ ಕೋಲು ಹೆಚ್ಚುಕಡಿಮೆ ಖಾಲಿ. ರಾತ್ರಿಯ ಕೆಮ್ಮು ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಕಾರಣ ಇಬ್ಬರಿಗೂ ಗೊತ್ತಿದೆ. ಕುಸುರಿ ಕೂರಿಸಿದ ಹಲಗೆಯನ್ನು ಅವರು ಇವತ್ತಿಗೂ ಮೊಣಕಾಲ ಮೇಲಿಟ್ಟುಕೊಂಡು, ಮುಖದಿಂದ ಒಂದಡಿ ದೂರದಲ್ಲಿ, ಉಪ್ಪುಕಾಗದ ಹಿಡಿದು ಕೈಯಲ್ಲೇ ಉಜ್ಜುತ್ತಾರೆ. ಅಲ್ಲಿಗೆ ಯಾವ ಪೈಪೂ ಹೋಗಿಲ್ಲ. ಮಾಸ್ಕ್ ಹಾಕುತ್ತಾರೆ, ಸೆಖೆಯಾದಾಗ ಇಳಿಸುತ್ತಾರೆ. ತೂತಿನ ಹಲಗೆಯ ಕೆಳಗಿನಿಂದ ಧೂಳು ಎಳೆಯುವ ಒಂದು ಗಿಡ್ಡ ಮೇಜು ಮಾಡಬೇಕು, ನೆಲದ ಮೇಲೆ ಕೂತು ಉಜ್ಜುವ ಎತ್ತರಕ್ಕೆ. 160ರ ಪೈಪಿನಿಂದ ಅದಕ್ಕೊಂದು ಕವಲು ತೆಗೆದು ಮುಚ್ಚಳ ಹಾಕಿಟ್ಟಿದ್ದೇವೆ. ಅವರು ಕೂರುವ ಎತ್ತರವನ್ನು ಅಮ್ಮ ಟೇಪು ಹಿಡಿದು ಅಳೆದು ಬರೆದುಕೊಟ್ಟಿದ್ದಾರೆ, ಚೀಟಿ ನನ್ನ ಬ್ಯಾಗಿನಲ್ಲಿದೆ.